ಮಗ್ಗ ನಿಂತ ದಿನ ಬೆಂಗಳೂರು ತೋರಿಸಿದ್ದು

ಹೋದ ಸೋಮವಾರ ನನ್ನ ಮೊಮ್ಮಗಳು ಏಳು ಹೆಜ್ಜೆ ನಡೆದಳು. ಎಂಟನೆಯದಕ್ಕೆ ನನ್ನ ಮೊಣಕಾಲಿಗೆ ಡಿಕ್ಕಿ ಹೊಡೆದು ಕೂತುಬಿಟ್ಟಳು. ಅವತ್ತಿನಿಂದ ಸಿಕ್ಕಸಿಕ್ಕವರಿಗೆಲ್ಲ ಇದನ್ನೇ ಹೇಳುತ್ತಿದ್ದೇನೆ. ಹಾಲಿನವನಿಗೆ ಎರಡು ಸಲ ಹೇಳಿದೆನಂತೆ. ನನ್ನ ಸೊಸೆ, "ಮಾವ, ಬೀದಿಗೆಲ್ಲ ಹೇಳಿ ಆಯ್ತು, ಇನ್ನು ಬರೆದಿಟ್ಬಿಡಿ" ಎಂದು ನೋಟ್‌ಬುಕ್ ಕೊಟ್ಟಳು. ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಒತ್ತಕ್ಷರ ತಪ್ಪಿದರೆ ಅವಳೇ ತಿದ್ದುತ್ತಾಳೆ. ಮಗುವಿನ ನಡಿಗೆಯನ್ನು ಬರೆಯಲು ಕೂತರೆ ನನ್ನ ಕಾಲಿನ ನೋವು ಮುಂಚೆ ಮಾತಾಡುತ್ತದೆ. ಈ ಕಾಲುಗಳು ಸುಮ್ಮನೆ ಸವೆದವಲ್ಲ. ಇವು ಒಂದು ದಿನ ನಡೆಯದೆ ಇದ್ದಿದ್ದರೆ ಆ ಮಗುವೂ ಇಲ್ಲ, ಅದರ ಅಪ್ಪನೂ ಇಲ್ಲ.

ಎಪ್ಪತ್ತನೇ ಇಸವಿಯ ಆಸುಪಾಸಿನ ಮಾತು. ಸಾಸಲು ಕಡೆಯ ನಮ್ಮ ಮನೆಯಲ್ಲಿ ಹೊಲಕ್ಕಿಂತ ಅಣ್ಣತಮ್ಮಂದಿರು ಜಾಸ್ತಿ. ನಾನು ದೊಡ್ಡಬಳ್ಳಾಪುರಕ್ಕೆ ಬಂದು ಒಬ್ಬರ ಮನೆಯ ಕುಣಿಮಗ್ಗದಲ್ಲಿ ಸೀರೆ ನೇಯುತ್ತಿದ್ದೆ. ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು ಕೂರಬೇಕು. ಕೈ ಲಾಳಿ ಆಡಿಸುತ್ತಿದ್ದರೆ ಕಾಲು ಕೆಳಗೆ ಹಲಗೆ ತುಳಿಯುತ್ತಲೇ ಇರಬೇಕು. ಬೆಳಗ್ಗೆಯಿಂದ ಸಂಜೆಯವರೆಗೆ ಕೂತಲ್ಲೇ ನಡೆದಂತೆ. ತಿಂಗಳಿಗೊಮ್ಮೆ ಅಮಾವಾಸ್ಯೆಯ ದಿನ ಮಾತ್ರ ಮಗ್ಗ ಮುಟ್ಟುವಂತಿರಲಿಲ್ಲ. ಪೂಜೆ ಮಾಡಿ ಸುಮ್ಮನೆ ಬಿಡಬೇಕು. ಅವತ್ತು ನಮ್ಮ ಬೀದಿಯಲ್ಲಿ ಸದ್ದೇ ಇರುತ್ತಿರಲಿಲ್ಲ. ಬುದ್ಧಿ ಇದ್ದವರು ಮಲಗುತ್ತಿದ್ದರು. ನಾನು ಹತ್ತು ಜನರನ್ನು ಕರೆದುಕೊಂಡು ಬೆಂಗಳೂರು ತೋರಿಸಲು ಹೋಗುತ್ತಿದ್ದೆ.

ಇದು ನನಗೆ ಅಂಟಿಕೊಂಡದ್ದು ಹೀಗೆ. ಮಗ್ಗಕ್ಕೆ ಬರುವ ಮೊದಲು ಬೆಂಗಳೂರಿನ ದಂಡಿನಲ್ಲಿ, ಅಂದರೆ ಬಿಳಿಯರ ಸೈನ್ಯ ಇದ್ದ ಕಂಟೋನ್ಮೆಂಟಿನಲ್ಲಿ, ಒಂದು ಹಳೇ ಬಾರಿನ ಹಿಂದೆ ಒಂದೂವರೆ ವರ್ಷ ಲೋಟ ತೊಳೆದಿದ್ದೆ. ಅಲ್ಲಿನ ಮುದಿ ಅಡುಗೆಯವರಿಗೆ ಆ ಕಡೆಯ ಒಂದೊಂದು ಹಳೇ ಅಂಗಡಿಯ ಕತೆಯೂ ಗೊತ್ತಿತ್ತು. ಯಾವ ಬಾರಿನಲ್ಲಿ ಯಾವ ಪಲ್ಟನ್ನಿನವರು ಕುಡಿಯುತ್ತಿದ್ದರು, ಯಾವುದರ ಹಿಂದೆ ಕುದುರೆ ಲಾಯವಿತ್ತು, ಎಲ್ಲ. ಅದನ್ನು ಒಂದು ದಿನ ಮಗ್ಗದಲ್ಲಿ ಹೇಳಿದ್ದೇ ತಪ್ಪಾಯಿತು. "ನಮಗೂ ತೋರ್ಸು ಗುರು" ಎಂದು ಶುರುವಾಯಿತು. ಈಚಲು ಹೆಂಡ ನಮ್ಮ ಊರುಗಳಲ್ಲೇ ಇತ್ತು. ಅವರಿಗೆ ಬೇಕಾಗಿದ್ದು ದೊರೆಗಳು ಕುಡಿದ ಜಾಗದಲ್ಲಿ ಕುರ್ಚಿ ಮೇಲೆ ಕೂತು ಒಂದು ಲೋಟ ಬಿಯರ್ ಕುಡಿಯುವುದು. ಬರೀ ಅದಕ್ಕೆಂದರೆ ಹೆಂಡತಿಯರು ಬಿಡುತ್ತಿರಲಿಲ್ಲ. ಹಾಗಾಗಿ ಲಾಲ್‌ಬಾಗು, ಕೋಟೆ ಬಾಗಿಲು, ವಿಧಾನಸೌಧ ಎಲ್ಲ ಸೇರಿಕೊಂಡವು. ಅಡುಗೆಯವರು ಹೇಳಿದ್ದು ಅರ್ಧ, ನಾನು ಸೇರಿಸಿದ್ದು ಅರ್ಧ, ದಾರಿಯುದ್ದಕ್ಕೂ ಹೇಳುತ್ತ ಮುಂದೆ ಹೋಗುತ್ತಿದ್ದೆ. ಜನ ತಪ್ಪಿಸಿಕೊಳ್ಳದಿರಲೆಂದು ಬಿದಿರುಕೋಲಿಗೆ ಕೆಂಪು ಬಟ್ಟೆ ಕಟ್ಟಿ ಎತ್ತಿ ಹಿಡಿದಿರುತ್ತಿದ್ದೆ. ಒಂದೊಂದು ಅಂಗಡಿಯಲ್ಲಿ ಒಂದೊಂದೇ ಲೋಟ ಎಂಬುದು ನನ್ನ ಕಟ್ಟಳೆ. ನಾನು ಮಾತ್ರ ಮುಟ್ಟುತ್ತಿರಲಿಲ್ಲ. ಒಂದೂವರೆ ವರ್ಷ ಕಂಡವರ ಎಂಜಲು ಲೋಟ ತೊಳೆದ ಮೂಗಿಗೆ ಆ ವಾಸನೆ ಆಗಿಬರುತ್ತಿರಲಿಲ್ಲ.

ಆ ವರ್ಷವೇ ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿಯಲ್ಲಿ ನನಗೊಂದು ಹೆಣ್ಣು ನೋಡಿದರು. ನಾನೂ ನನ್ನ ಸೋದರಮಾವನೂ ಹೇಳಿದ್ದಕ್ಕಿಂತ ಮುಂಚೆ ಹೋಗಿಬಿಟ್ಟಿದ್ದೆವು. ಅವಳು ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಮೊರ ಕೆಳಗಿಡದೆ, "ಅಪ್ಪ ಹೊಲ್ತಾವ ಹೋಗವ್ರೆ. ಜಗ್ಲಿ ಮ್ಯಾಲೆ ಕೂತ್ಕಳಿ. ಆ ಹಸ ಒದೀತದೆ, ಅತ್ಲಾಗೆ ಹೋಗ್ಬ್ಯಾಡಿ" ಎಂದಳು. ನನಗೆ ಅಷ್ಟೇ ಸಾಕಾಯಿತು. ಸಿಕ್ಕರೆ ಇವಳೇ, ಇಲ್ಲದಿದ್ದರೆ ಮದುವೆಯೇ ಬೇಡ ಎಂದು ಬಸ್ಸಿನಲ್ಲಿ ಮಾವನಿಗೆ ಹೇಳಿದೆ.

ಹದಿನೈದು ದಿನಕ್ಕೆ ಮಾವ ಮುಖ ಸಣ್ಣದು ಮಾಡಿಕೊಂಡು ಮಗ್ಗದ ಹತ್ತಿರ ಬಂದ.

"ಯಾರೋ ಹೆಣ್ಣಿನ ಅಪ್ಪನ ಕಿವಿ ಕಚ್ಚವ್ರೆ ಕಣ್ಲಾ. ಹುಡುಗ ಅಮಾಸೆ ಅಮಾಸೆಗೆ ಬೆಂಗ್ಳೂರಿನ ಬಾರೆಲ್ಲ ಸುತ್ತತಾನೆ, ಜೊತೆಗೆ ಹತ್ತು ಜನಾನೂ ಕೆಡಿಸ್ತಾನೆ ಅಂತ."

"ನಾನು ಕುಡಿಯಲ್ಲ ಅಂತ ಹೇಳು ಮಾವ."

"ಹೇಳ್ದೆ. ಕುಡೀದೋನು ಅಲ್ಲಿಗ್ಯಾಕೆ ಹೋಗ್ತಾನೆ ಅಂದ್ರು. ಅದ್ಕೆ ನಂಗೂ ಉತ್ರ ಹೊಳೀಲಿಲ್ಲ."

ಹೆಣ್ಣಿನ ಅಪ್ಪ ಒಂದು ದಾರಿ ಹೇಳಿ ಕಳಿಸಿದ್ದರು. ಬರುವ ಅಮಾವಾಸ್ಯೆಗೆ ತಾವೂ ನನ್ನ ಗುಂಪಿನ ಜೊತೆ ನಡೆಯುತ್ತಾರೆ. ಕಣ್ಣಲ್ಲಿ ನೋಡಿದ ಮೇಲೆ ಕೊಡುವುದೋ ಬಿಡುವುದೋ ಹೇಳುತ್ತಾರೆ.

ಅದು ಮದುವೆಗಳ ಕಾಲ. ಸೀರೆಗೆ ಅವಸರ. ಆ ವಾರವೆಲ್ಲ ದೀಪ ಹಚ್ಚಿಕೊಂಡು ನೇಯ್ದಿದ್ದೆವು. ಅಮಾವಾಸ್ಯೆಯ ಬೆಳಗ್ಗೆ ರೈಲಿನ ಹೊತ್ತಿಗೆ ನನ್ನ ಮೀನಖಂಡ ಕಲ್ಲಾಗಿತ್ತು, ಕಣ್ಣು ಉರಿಯುತ್ತಿತ್ತು. ಹೆಣ್ಣಿನ ಅಪ್ಪ ಮಾವನ ಮನೆಯಲ್ಲಿ ರಾತ್ರಿ ಉಳಿದು, ತಲೆಗೆ ಹೊಸ ವಸ್ತ್ರ ಸುತ್ತಿಕೊಂಡು ನಿಲ್ದಾಣಕ್ಕೆ ಬಂದಿದ್ದರು. ಎತ್ತರದ, ಒಣಕಲು ಆಳು. ನಮಸ್ಕಾರ ಮಾಡಿದೆ. "ನಡೀಯಪ್ಪ" ಎಂದರು, ಅಷ್ಟೇ. ರೈಲಿನ ಹೊಗೆಗೆ ಎಲ್ಲರೂ ಕಣ್ಣುಜ್ಜುತ್ತಿದ್ದರೆ ಅವರು ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದರು.

ಬೆಂಗಳೂರಿನಲ್ಲಿ ಇಳಿದು ಪೇಟೆ ದಾಟಿದೆವು, ಕೋಟೆ ಬಾಗಿಲು ನೋಡಿದೆವು. ಅಲ್ಲೊಂದು ಹಳೇ ಹೆಂಡದಂಗಡಿ. ಮಣ್ಣು ನೆಲ, ಮಣ್ಣಿನ ಜಗಲಿ. ನಮ್ಮವರೆಲ್ಲ ಪದ್ಧತಿಯಂತೆ ಮೊದಲ ಹನಿಗಳನ್ನು ಹಿರೀಕರ ಹೆಸರಿನಲ್ಲಿ ನೆಲಕ್ಕೆ ಚೆಲ್ಲಿ ಆಮೇಲೆ ಕುಡಿದರು. ಹೆಣ್ಣಿನ ಅಪ್ಪ ಬೇಡ ಎಂದರು. "ನಾನು ಹಬ್ಬಕ್ಕೆ ಬಿಟ್ರೆ ಇಲ್ಲ." ನಾನು ಮಜ್ಜಿಗೆ ತರಿಸಿಕೊಂಡೆ. ಅವರು ನನ್ನ ಲೋಟ ಇಸಿದುಕೊಂಡು ಮೂಸಿ ನೋಡಿ ವಾಪಸ್ಸು ಕೊಟ್ಟರು.

ಲಾಲ್‌ಬಾಗಿನ ಬಂಡೆ ಹತ್ತಿ ಇಳಿಯುವಷ್ಟರಲ್ಲಿ ನನ್ನ ಕಾಲು ನನ್ನ ಮಾತು ಕೇಳುತ್ತಿರಲಿಲ್ಲ. ನಮ್ಮ ಮಗ್ಗದ ಪಕ್ಕದಲ್ಲಿ ಕೂರುತ್ತಿದ್ದ ಗೆಳೆಯನೊಬ್ಬ ಬಾಯಿ ಸುಮ್ಮನಿರುವ ಆಸಾಮಿಯಲ್ಲ. "ಯಜಮಾನ್ರೇ, ನೀವು ಬಂದಿರೋದು ಊರು ನೋಡಕ್ಕೋ, ಗಂಡು ನೋಡಕ್ಕೋ?" ಎಂದು ಕೇಳಿದ.

"ಎರಡೂ ಒಂದೇ ಟಿಕೀಟಲ್ಲಿ ಆಗ್ಲಿ ಅಂತ" ಎಂದರು ಅವರು.

"ಊರು ಹೆಂಗದೆ?"

"ಊರು ಚೆನ್ನಾಗದೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ವಿಧಾನಸೌಧದ ಎದುರು ರಸ್ತೆಯಾಚೆ ನಿಂತು ಅವರು ಬಹಳ ಹೊತ್ತು ನೋಡಿದರು. "ಇಷ್ಟು ಮೆಟ್ಲು ಅದಾವೆ. ಎರಡು ಊರಿನ ರಾಗಿ ಒಣಗಾಕಬೋದು" ಎಂದರು. ಆವತ್ತು ಅವರು ತಾವಾಗಿ ಆಡಿದ ಮೊದಲ ಮಾತು ಅದು. ನನ್ನಿಂದ ಅವರು ಮೆಚ್ಚುವಂಥದ್ದು ಇನ್ನೂ ಏನೂ ಆಗಿರಲಿಲ್ಲ.

ದಂಡಿಗೆ ಬಂದಾಗ ಮಧ್ಯಾಹ್ನ ತಿರುಗಿತ್ತು. ಅಲ್ಲೊಂದು ಬಾರಿನ ಮುಂದೆ ನಿಂತೆವು. ನಾನು ಲೋಟ ತೊಳೆದದ್ದಲ್ಲ, ಅದಕ್ಕಿಂತ ಹಳೆಯದು. ಎತ್ತರದ ಬಾಗಿಲು, ಒಳಗೆ ಮರದ ಹಲಗೆಯ ನೆಲ, ಮೇಣ ತಿಕ್ಕಿ ತಿಕ್ಕಿ ಕನ್ನಡಿಯಾಗಿತ್ತು. ನಾನು ಕೋಲು ಎತ್ತಿ ನನ್ನ ಪಾಠ ಒಪ್ಪಿಸಿದೆ. ಇಲ್ಲಿ ಕುದುರೆ ದಂಡಿನ ದೊರೆಗಳು ಕುಡಿಯುತ್ತಿದ್ದರು, ಹಿಂದೆ ಲಾಯ ಇತ್ತು, ಕುದುರೆಗಳಿಗೆ ಹುಲ್ಲು ದೊರೆಗಳ ಸೀಮೆಯಿಂದ ಹಡಗಿನಲ್ಲಿ ಬರುತ್ತಿತ್ತು.

"ಎಲ್ಲಿಂದ?" ಎಂದರು ಹೆಣ್ಣಿನ ಅಪ್ಪ.

"ಸೀಮೆಯಿಂದ, ಹಡಗಲ್ಲಿ."

ಅವರು ಬಾಗಿಲ ಪಕ್ಕದ ಓಣಿಗೆ ಹೋಗಿ ಹಿಂದಿನ ಗೋಡೆ ನೋಡಿಕೊಂಡು ಬಂದರು.

ಪ್ರತಿ ಸಲ ಇದೇ ಬಾಗಿಲಲ್ಲಿ ನಿಂತು ನಾನು ಒಂದು ಎಚ್ಚರಿಕೆ ಹೇಳುತ್ತಿದ್ದೆ. ಒಳಗೆ ನೆಲಕ್ಕೆ ಹನಿ ಹಾಕಬೇಡಿ, ಹಿರೀಕರಿಗೆ ಮನಸ್ಸಿನಲ್ಲೇ ಹಾಕಿ. ಆವತ್ತು ಹೇಳಲು ಮರೆತೆ. ಕಾಲು ನೋವು, ನಿದ್ದೆ, ಬೆನ್ನ ಹಿಂದೆ ಅವರ ಕಣ್ಣು, ಎಲ್ಲ ಸೇರಿ ಮರೆತೆ.

ಒಳಗೆ ಕೂತೆವು. ಬಿಯರ್ ಬಂತು. ನನಗೆ ಸೋಡಾ. ಹೆಣ್ಣಿನ ಅಪ್ಪ, "ನಂಗೂ ಒಂದು ಲೋಟ ಹೇಳು" ಎಂದರು. ಲೋಟ ಬಂದ ಮೇಲೆ ಎದ್ದು ನಿಂತು, ತಲೆಯ ವಸ್ತ್ರ ತೆಗೆದು, ಬಿಯರನ್ನು ಹನಿ ಅಲ್ಲ, ಅರ್ಧ ಲೋಟ ನಿಧಾನವಾಗಿ ಆ ಹೊಳೆಯುವ ನೆಲಕ್ಕೆ ಸುರಿದರು. ಹಿರಿಯರು ಮಾಡಿದ ಮೇಲೆ ಕಿರಿಯರು ಬಿಡುತ್ತಾರೆಯೇ? ಹತ್ತು ಜನರೂ ಎದ್ದು ಸುರಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮೇಜಿನ ಸುತ್ತ ಕೆರೆ.

ಬಿಳಿ ಕೋಟಿನ ಮೇಲ್ವಿಚಾರಕ ಓಡಿಬಂದ. "ಯಾರಯ್ಯಾ ನೀವು, ಕಾಡಿಂದ ಬಂದ್ರಾ? ಯಾರು ಶುರು ಮಾಡಿದ್ದು? ಯಾರಂತ ಹೇಳು, ಕತ್ತಿನ ಪಟ್ಟಿ ಹಿಡಿದು ಆಚೆ ತಳ್ತೀನಿ."

ಹತ್ತು ಜನ ನನ್ನ ಮುಖ ನೋಡಿದರು. ಹೆಣ್ಣಿನ ಅಪ್ಪ ಅರ್ಧ ಉಳಿದ ಲೋಟ ಹಿಡಿದು ನೆಟ್ಟಗೆ ನಿಂತಿದ್ದರು.

"ನಾನೇ ಸಾರ್" ಎಂದೆ. "ನಾನೇ ಹಂಗೆ ಮಾಡಿ ಅಂದೆ. ಇವ್ರು ಹೊಸಬ್ರು."

"ಹಂಗಾದ್ರೆ ನೀನೇ ಒರ್ಸು."

ಹೆಗಲ ವಸ್ತ್ರ ತೆಗೆದು ಮಂಡಿಯೂರಿದೆ. ಒರೆಸಿದ ಮೇಲೆ ಆತ ಮೇಣದ ಡಬ್ಬಿ ತಂದಿಟ್ಟ. ತಿಕ್ಕಿದೆ. ವಾರವೆಲ್ಲ ಹಲಗೆ ತುಳಿದ ಮಂಡಿ ಆ ಹಲಗೆಯ ಮೇಲೆ ಊರಿದಲ್ಲೆಲ್ಲ ನೋಯುತ್ತಿತ್ತು. ಎಷ್ಟು ಹೊತ್ತು ತಿಕ್ಕಿದೆನೋ ಗೊತ್ತಿಲ್ಲ. ಗೆಳೆಯರು ಉಳಿದದ್ದನ್ನು ಕುಡಿಯದೆ ತಲೆ ತಗ್ಗಿಸಿ ಆಚೆ ಹೋದರು. ಹೆಣ್ಣು ಕೈತಪ್ಪಿತು ಎಂದು ನನಗೆ ಖಾತ್ರಿಯಾಗಿತ್ತು. ಬಾರಿನ ನೆಲ ತಿಕ್ಕುವವನಿಗೆ ಯಾರು ಮಗಳನ್ನು ಕೊಡುತ್ತಾರೆ? ದುಃಖ ಪಡುವುದಕ್ಕೂ ತ್ರಾಣ ಇರಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತವನು ಕೂತಲ್ಲೇ ತೂಕಡಿಸಿದೆ.

ಎಚ್ಚರವಾದಾಗ ಪಕ್ಕದಲ್ಲಿ ಹೆಣ್ಣಿನ ಅಪ್ಪ ಕೂತಿದ್ದರು. ನನ್ನ ಕೆಂಪು ಬಟ್ಟೆಯ ಕೋಲು ಅವರ ತೊಡೆಯ ಮೇಲಿತ್ತು.

"ಸೀಮೆಯಿಂದ ಹುಲ್ಲು ಬರ್ತಿತ್ತು ಅಂತ ಯಾವನು ಹೇಳ್ದ ನಿಂಗೆ?"

"ಯಾರೂ ಇಲ್ಲ. ನಾನೇ ಸೇರ್ಸಿದ್ದು."

"ನಮ್ಮೂರಿಂದ ಬರ್ತಿತ್ತು. ನಮ್ಮಪ್ಪ ತರೋನು. ಮುಂಜಾನೆ ಗಾಡಿ ಕಟ್ಟಿದ್ರೆ ಮಧ್ಯಾಹ್ನಕ್ಕೆ ಈ ಓಣೀಲಿ ಇಳಿಸೋನು. ನಾನೂ ಹುಲ್ಲಿನ ಮ್ಯಾಲೆ ಕೂತು ಬಂದಿದೀನಿ. ಒಳಗೆ ನಗೋದು, ಲೋಟ ತಾಕೋದು ಕೇಳ್ತಿತ್ತು. ಅಪ್ಪ ಈ ಬಾಗ್ಲು ದಾಟೋ ಹಂಗಿರ್ಲಿಲ್ಲ. ಒಳಗೆ ಹೆಂಗದೆಯೋ ನೋಡ್ಬೇಕು ಅಂತಿದ್ದ, ನೋಡ್ದೆ ಹೋದ." ಕೋಲಿನ ಕೆಂಪು ಬಟ್ಟೆ ಸರಿಮಾಡುತ್ತ, "ಅದ್ಕೇ ಒಸಿ ಜಾಸ್ತಿ ಸುರ್ದೆ" ಎಂದರು.

ಹೊಸಕೋಟೆ ಬಸ್ಸು ನಿಲ್ಲುವ ಕಡೆಗೆ ಗೆಳೆಯರೂ ನಾನೂ ಅವರನ್ನು ನಡೆಸಿಕೊಂಡು ಹೋದೆವು. ಅವರೂ ನಾನೂ ಇಬ್ಬರೂ ಕುಂಟುತ್ತಿದ್ದೆವು. ದಾರಿಯಲ್ಲಿ ಅವರು ಒಂದೇ ಒಂದು ಕೇಳಿದರು.

"ಕುಡಿಯಲ್ಲ, ದುಡ್ಡೂ ಸಿಗಲ್ಲ, ರಜಾ ದಿನ ಮಲಗೋದೂ ಇಲ್ಲ. ಯಾಕ್ ಮಾಡ್ತೀಯ ಈ ಕೆಲಸ?"

"ಬ್ಯಾಡ ಅನ್ನಕ್ಕೆ ಬರಲ್ಲ ನಂಗೆ" ಎಂದೆ. ನಿಜ ಅದೇ ಆಗಿತ್ತು.

ಬಸ್ಸು ಹತ್ತಿ ಕಿಟಕಿ ಪಕ್ಕ ಕೂತರು. ಕಂಡಕ್ಟರ್ ಸೀಟಿ ಊದಿದ ಮೇಲೆ ತಲೆ ಆಚೆ ಹಾಕಿದರು.

"ನೋಡು ಅಳಿಮಯ್ಯ. ಬರೋ ಅಮಾಸೆಗೆ ನಮ್ಮೂರೋರು ಹತ್ತು ಜನ ಬತ್ತಾರೆ. ಅವರಪ್ಪದೀರೂ ಗಾಡಿ ಹೊಡ್ದೋರೇಯ. ಒಳಗೆ ಕರ್ಕೊಂಡೋಗಿ ತೋರ್ಸು. ಹುಲ್ಲಿನ ವಿಷ್ಯ ಸರಿಯಾಗಿ ಹೇಳು. ಲಗ್ನದ ಮಾತಿಗೆ ನಿಮ್ಮ ಮಾವನ್ನ ಕಳ್ಸು."

ಬಸ್ಸು ಹೊರಟಿತು. ನನ್ನ ಗೆಳೆಯರು ಬೆನ್ನು ಗುದ್ದಿ ಗುದ್ದಿ ಕೂಗಾಡಿದರು. ನನ್ನ ತಲೆಯೊಳಗೆ ಮಾತ್ರ ಅಳಿಮಯ್ಯ ಎಂಬುದು ಇಳಿದೇ ಇರಲಿಲ್ಲ. ಬರುವ ಅಮಾವಾಸ್ಯೆಗೂ ಮಲಗುವ ಹಾಗಿಲ್ಲ, ನಮ್ಮ ಹತ್ತು, ಅವರ ಹತ್ತು, ಇಪ್ಪತ್ತು ಜನ, ಲಾಲ್‌ಬಾಗಿನ ಬಂಡೆ, ಇಷ್ಟೇ ಕಣ್ಣ ಮುಂದೆ. ರೈಲಿನಲ್ಲಿ ಎಲ್ಲಿ ಕೂತೆನೋ ನೆನಪಿಲ್ಲ. ದೊಡ್ಡಬಳ್ಳಾಪುರದಲ್ಲಿ ಇಬ್ಬರು ರೆಟ್ಟೆ ಹಿಡಿದು ಇಳಿಸಿದರಂತೆ. ನೋಡಿದವರು, ಕೊನೆಗೂ ಇವನು ಕುಡಿದ ಎಂದುಕೊಂಡಿರಬೇಕು.

ಖುಷಿ ಬಂದದ್ದು ಮೂರನೆಯ ದಿನ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ಅರ್ಧ ಮೊಳ ನೇಯ್ದಿದ್ದೆ. ಜಗಲಿ ಮೇಲೆ ಕೂತ್ಕಳಿ, ಹಸ ಒದೀತದೆ ಎಂದಿದ್ದವಳು ಇನ್ನು ಮೇಲೆ ದಿನಾ ನನಗೇ ಹೇಳುತ್ತಾಳೆ ಎಂದು ಇದ್ದಕ್ಕಿದ್ದಂತೆ ಹೊಳೆಯಿತು. ಕೈ ನಿಂತಿತು. ಪಕ್ಕದ ಗುಂಡಿಯ ಗೆಳೆಯ, "ಯಾಕ್ಲಾ, ನೂಲು ಹರೀತಾ?" ಎಂದು ಕೇಳಿದ. ಇಲ್ಲ ಎಂದೆ. "ಮತ್ಯಾಕೆ ಹಲ್ಲು ಕಿರೀತಿದೀಯ?" ಎಂದ. ಹೇಳಲು ಹೋದರೆ ನಗು ಬಿಡಲಿಲ್ಲ. ಮಗ್ಗದ ಯಜಮಾನರು ಒಳಗಿನಿಂದ ಕೆಮ್ಮಿದರು. ಕಾಲು ನೋಯುತ್ತಿತ್ತು, ಆದರೂ ಮತ್ತೆ ಹಲಗೆ ತುಳಿದೆ.