ಮಂಚದ ಹಲಗೆಯ ಮೇಲೆ ತೂಗಿದ ಹಾಡುಗಳು

ಬಸ್ಸು ಓಡಿಸುವವನ ಕಿವಿ ಸಂಜೆಯ ಹೊತ್ತಿಗೆ ಅವನದಾಗಿ ಉಳಿದಿರುವುದಿಲ್ಲ. ಬೈಲಹೊಂಗಲದಿಂದ ಸವದತ್ತಿ, ಸವದತ್ತಿಯಿಂದ ರಾಮದುರ್ಗ, ಮತ್ತೆ ಅದೇ ದಾರಿ ತಿರುಗಿ ಮನೆಗೆ ಬಂದು ಚಪ್ಪಲಿ ಬಿಟ್ಟರೂ ತಲೆಯೊಳಗೆ ಎಂಜಿನ್ನು ಓಡುತ್ತಲೇ ಇರುತ್ತದೆ. ಚಹಾದ ಕಪ್ಪು ಹಿಡಿದರೆ ಅದೂ ಗಿಯರಿನ ಹಿಡಿಕೆಯ ಹಾಗೆ ನಡುಗುತ್ತದೆ ಅನಿಸುತ್ತದೆ. ಸರಿಯಾಗಿ ಅದೇ ಹೊತ್ತಿಗೆ ನಮ್ಮ ಮನೆಯ ಒಳಕೋಣೆಯಲ್ಲಿ ಮಗಳ ಸ್ಪೀಕರು ಶುರುವಾಗುತ್ತಿತ್ತು.

ಅವಳು ಕೇಳುವುದು ಮೆಟಲ್ ಹಾಡು. ಅದರಲ್ಲಿ ಹಾಡುವವರು ಹಾಡುವುದಿಲ್ಲ, ಗಂಟಲಿನಿಂದ ಗುರುಗುಟ್ಟುತ್ತಾರೆ. ಗಿಟಾರು ಕೊರೆಯುತ್ತದೆ, ಡ್ರಮ್ಮು ಅಟ್ಟಿಸಿಕೊಂಡು ಬರುತ್ತದೆ. ದಿನವಿಡೀ ಕಿತ್ತೂರಿನ ಒಂದು ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸಿ, ಬಸ್ಸಿನಲ್ಲಿ ನಿಂತುಕೊಂಡೇ ಮನೆಗೆ ಬರುವ ಹುಡುಗಿಗೆ ದಣಿವು ಆರಿಸಿಕೊಳ್ಳಲು ಇದೇ ಬೇಕಿತ್ತು. ಹಾಗೆ ಕೇಳುವವರ ನಡುವೆ ಒಂದು ಹಾಡಿಗೆ ಸಿಗುವ ದೊಡ್ಡ ಮಾನವೆಂದರೆ ‘ಹೆವಿ’ ಅನ್ನಿಸಿಕೊಳ್ಳುವುದಂತೆ. ಯಾವ ಹಾಡು ಹೆಚ್ಚು ಹೆವಿ ಎಂದು ಅವಳೂ ಅವಳ ಗೆಳತಿಯರೂ ಫೋನಿನಲ್ಲಿ ಜಗಳವಾಡುವುದನ್ನು ಕೇಳಿದರೆ, ಪೇಟೆಯಲ್ಲಿ ಎತ್ತಿಗೆ ಬೆಲೆ ಕಟ್ಟುವ ದಲಾಲರು ನೆನಪಾಗುತ್ತಿದ್ದರು.

"ಪಪ್ಪಾ, ಇದನ್ನ ಕೇಳು. ಎಷ್ಟ ಹೆವಿ ಅನಸ್ತೇತಿ?" ಎಂದು ಒಂದು ಸಂಜೆ ನನ್ನನ್ನು ಕೇಳಿದಳು.

"ಗಿಯರ್ ಬಾಕ್ಸಿನ್ಯಾಗ ಚಮಚಾ ಬಿದ್ದಂಗ ಐತಿ. ಡಿಪೋಕ್ಕ ಒಯ್ದು ತೋರಸಬೇಕ ಇದನ್ನ."

"ನಿನ್ನ ಕೇಳಿದ್ದ ನಂದ ತಪ್ಪು."

ಅದೇ ಕೋಣೆಯ ಮಂಚದ ಮೇಲೆ ನನ್ನ ಅಪ್ಪ ಇರುತ್ತಿದ್ದ. ಅವನಿಗೆ ಕಿವಿ ಮಂದ. ಹತ್ತಿರ ಬಂದು ಕೂಗಿದರೆ ಕೇಳುತ್ತದೆ, ಬೇಡದ್ದನ್ನು ಕೂಗಿದರೆ ಅದೂ ಕೇಳುವುದಿಲ್ಲ. ಹಾಗಾಗಿ ಮೊಮ್ಮಗಳ ಗದ್ದಲ ಅವನಿಗೆ ತೊಂದರೆ ಮಾಡೀತೆಂದು ನಾವು ಯಾರೂ ಎಣಿಸಿರಲಿಲ್ಲ. ಅವತ್ತು ಪ್ಲಗ್ಗಿನ ವೈರು ಸಾಲದೆ ಅವಳು ಸ್ಪೀಕರನ್ನು ಅವನ ಮಂಚದ ಹಲಗೆಯ ಮೇಲೆಯೇ ಇಟ್ಟಳು. ಹಾಡು ಶುರುವಾದ ಮೇಲೆ ಅಪ್ಪ ಹಾಸಿಗೆಯ ಅಂಚು ಸರಿಸಿ ಹಲಗೆಯ ಮೇಲೆ ಅಂಗೈ ಊರಿದ. ಗೋಡೆಯ ಕಡೆ ಮುಖ ತಿರುಗಿಸಿದ. ಹಾಡು ಮುಗಿದ ಮೇಲೆ ಕೈ ತೆಗೆದ.

"ಜ್ವಾಳ ಹುರದಂಗ ಐತಿ, ಯವ್ವಾ. ಸಪ್ಪಳ ಭಾಳ, ತೂಕ ಇಲ್ಲ. ಇದು ಅಳಿಯ."

ಗೆಳತಿಯರೆಲ್ಲ ಸೇರಿ ಎಲ್ಲಕ್ಕಿಂತ ಹೆವಿ ಎಂದು ತಲೆಯ ಮೇಲೆ ಹೊತ್ತಿದ್ದ ಹಾಡದು. ಮಗಳು ಬಾಯಿ ತೆರೆದು ನನ್ನ ಕಡೆ ನೋಡಿದಳು. ನನಗೆ ಮಾತ್ರ ಆ ಅಂಗೈಯ ಗುರುತು ಹತ್ತಿತ್ತು.

ನಮ್ಮ ಮೂಲ ಊರು ದೊಡವಾಡ. ಅಲ್ಲಿ ಗರಡಿ ಮನೆಯ ಮುಂದೆ ಮೂರು ಗುಂಡುಕಲ್ಲು ಇದ್ದವು. ಅವು ಎಂದೂ ತಕ್ಕಡಿ ಏರಿದವಲ್ಲ. ಚಿಕ್ಕದರ ಹೆಸರು ಅಳಿಯ: ನೋಡಲು ಠೀವಿ, ಎತ್ತಿದರೆ ಹಗುರ. ನಡುವಿನದು ಬೀಗ: ಮನೆಗೆ ಬಂದ ಬೀಗರ ಹಾಗೆ ಭಾರವೇನೋ ಹೌದು, ಆದರೆ ಭಾರವಾಯಿತೆಂದು ಮುಖದಲ್ಲಿ ತೋರಿಸುವ ಹಾಗಿಲ್ಲ. ದೊಡ್ಡದು ಮುದುಕಿ: ಸವೆದು ನುಣುಪಾಗಿ, ಎಲ್ಲಿ ತಡವಿದರೂ ಕೈಗೆ ಹಿಡಿತ ಸಿಗದ ಕಲ್ಲು. ಅದನ್ನು ಮೊಣಕಾಲಿನ ತನಕ ತಂದವನನ್ನೇ ಊರು ವಾರಗಟ್ಟಲೆ ಹೊಗಳುತ್ತಿತ್ತು.

ಅಪ್ಪ ಹರೆಯದಲ್ಲಿ ಬೀಗನನ್ನು ಎತ್ತಿದವ. ವಯಸ್ಸಾದ ಮೇಲೆ ಅವನನ್ನು ನಿರ್ಣಯ ಹೇಳಲು ಕೂರಿಸುತ್ತಿದ್ದರು. ನಿರ್ಣಯ ಹೇಳುವವನು ಎತ್ತುವವನಿಗೆ ಬೆನ್ನು ಮಾಡಿ ಕೂರುವುದು ಅಲ್ಲಿಯ ಪದ್ಧತಿ. ಯಾರ ಮಗ ಎತ್ತುತ್ತಿದ್ದಾನೆ ಎಂಬುದು ಅವನಿಗೆ ತಿಳಿಯಬಾರದು. ಅವನು ನೆಲಕ್ಕೆ ಅಂಗೈ ಊರಿ ಕಾಯುವುದು ಕಲ್ಲು ಮೇಲೇರುವುದನ್ನಲ್ಲ, ಕೆಳಗಿಳಿಯುವುದನ್ನು. ಹೆಗಲಿಗೆ ಏರಿಸಿ ಧೊಪ್ಪನೆ ಒಗೆದವನದು ಎತ್ತಿದ ಲೆಕ್ಕಕ್ಕೇ ಇಲ್ಲ. ಕೂಸನ್ನು ತೊಟ್ಟಿಲಿಗೆ ಹಾಕಿದ ಹಾಗೆ ಕಲ್ಲನ್ನು ನೆಲಕ್ಕೆ ಕೊಡಬೇಕು. ಅಂಗೈಗೆ ಅದರ ಅದುರು ಎಷ್ಟು ತಾಗಿತು ಎಂಬುದರ ಮೇಲೆ ಅಪ್ಪನ ಮಾತು.

ಇದನ್ನೆಲ್ಲ ಮಗಳಿಗೆ ಹೇಳಿದೆ. ಹೇಳಬಾರದಿತ್ತು. ಮರುದಿನದಿಂದ ನಮ್ಮ ಮನೆಯ ಒಳಕೋಣೆ ಗರಡಿಯಾಯಿತು. ಅವಳು ಹಾಡು ಹಚ್ಚುವುದು, ಅವನು ಗೋಡೆಗೆ ಮುಖ ಮಾಡಿ ಅಂಗೈ ಊರುವುದು, ನಾನು ಬಸ್ಸಿಳಿದು ಬಂದವನು ಇನ್ನೊಂದು ಎಂಜಿನ್ನಿನ ಪಕ್ಕ ಕೂತು ಚಹಾ ಕುಡಿಯುವುದು. ಬಿರುಸಿನ ಹಾಡುಗಳೆಲ್ಲ ಒಂದರ ಹಿಂದೊಂದು ಅಳಿಯಂದಿರಾದವು. ಯಾವುದೋ ದೇಶದವರ ನಿಧಾನದ ಹಾಡೊಂದಿತ್ತು. ಒಂದು ಸ್ವರ ಬಿದ್ದ ಮೇಲೆ ಇನ್ನೊಂದು ಬರುವುದರೊಳಗೆ ನನಗೆ ತೂಕಡಿಕೆ ಬರುತ್ತಿತ್ತು. ಅದಕ್ಕೆ ಅಪ್ಪ "ಬೀಗ" ಅಂದ.

"ಇಷ್ಟ ಸಾವಕಾಶ ಇದ್ದದ್ದು ಹೆಂಗ ಹೆವಿ ಮುತ್ಯಾ?" ಮಗಳು ಅವನ ಕಿವಿಯ ಹತ್ತಿರ ಕೂಗಿ ಕೇಳಿದಳು.

"ಭಾರ ಹೊತ್ತಾವ ಓಡತಾನೇನ?"

ಮುದುಕಿ ಮಾತ್ರ ಯಾವ ಹಾಡಿಗೂ ಸಿಗಲಿಲ್ಲ.

ಇಷ್ಟರಲ್ಲಿ ಅಪ್ಪ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡ. ಆಪರೇಷನ್ ಆಯಿತು. ಮನೆಗೆ ಬಂದ ಮೇಲೆ ಕಾಲೂರಲು ಆಗಲೇ ಇಲ್ಲ. ಬೆಳಿಗ್ಗೆ ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ಮತ್ತೆ ಮಂಚಕ್ಕೆ. ಹೆಂಡತಿಗೆ ನಡುನೋವು, ಹೀಗಾಗಿ ಎತ್ತುವುದು ನನ್ನ ಮತ್ತು ಮಗಳ ಪಾಲಿಗೆ ಬಂತು. ಒಂದು ಕಾಲಕ್ಕೆ ಕಲ್ಲು ಎತ್ತಿದ ಮೈ ಒಣಗಿ ಕಡ್ಡಿಯಾಗಿತ್ತು, ಆದರೂ ಎತ್ತುವಾಗ ಎಲ್ಲಿ ಹಿಡಿದರೂ ಹಿಡಿತ ಸಿಗುತ್ತಿರಲಿಲ್ಲ. ನಾವು ಕುರ್ಚಿಗೆ ಹಾಕಿದಾಗಲೆಲ್ಲ ಅವನು ನೋವಿಗೆ ಹಲ್ಲು ಕಚ್ಚುತ್ತಿದ್ದ.

"ಎತ್ತೂದು ಯಾರರ ಎತ್ತತಾರ," ಎಂದ ಒಂದು ದಿನ. "ಎತ್ತೂಮುಂದ ಉಸರ ಹಿಡೀತೀರಿ, ಇಳಸೂಮುಂದ ಬಿಟ್ಟಬಿಡತೀರಿ. ಅಲ್ಲೇ ಮಂದಿ ಕೈ ಸೋಲೂದು."

"ಹಿಡಿಯಾಕ ಉಸರ ಉಳದಿರಬೇಕಲ್ಲ ಅಪ್ಪಾ," ಎಂದು ನಾನಂದೆ. ಅದು ಅವನಿಗೆ ಕೇಳಲಿಲ್ಲ, ಅಥವಾ ಕೇಳುವ ಮನಸ್ಸು ಇರಲಿಲ್ಲ.

ಆ ದಿನಗಳಲ್ಲಿ ಮಗಳಿಗೆ ಇನ್ನೊಂದು ಅವಸರವಿತ್ತು. ಅವಳೂ ಇಬ್ಬರು ಗೆಳತಿಯರೂ ಸೇರಿ ತಾವೇ ಒಂದು ಹಾಡು ಕಟ್ಟುತ್ತಿದ್ದರು. ಇವಳದು ಗಿಟಾರು. ರವಿವಾರಕ್ಕೊಮ್ಮೆ ಸವದತ್ತಿಯ ಒಂದು ಹಿಟ್ಟಿನ ಗಿರಣಿಯ ಹಿಂದಿನ ಕೋಣೆಯಲ್ಲಿ ಕೂಡುತ್ತಿದ್ದರು. ಗಿರಣಿಯ ಪಕ್ಕ ಇನ್ನಷ್ಟು ಸಪ್ಪಳವಾದರೆ ಕೇಳುವವರು ಯಾರು? ಡ್ರಮ್ಮು ಬಾರಿಸುವ ರಾಮದುರ್ಗದ ಹುಡುಗಿಗೆ ಮದುವೆ ಗೊತ್ತಾಗಿತ್ತು, ಅವಳು ಸೊಲ್ಲಾಪುರಕ್ಕೆ ಹೋಗುವವಳು. ಅಷ್ಟರೊಳಗೆ ಹಾಡು ಮುಗಿಯಬೇಕು. ಅದನ್ನು ಮುತ್ಯಾ ತೂಗಬೇಕು. ಮುತ್ಯಾನ ಆರೋಗ್ಯ ನೋಡಿದರೆ ಯಾವ ಅವಸರ ಮೊದಲಿನದು ಎಂದು ಅವಳೂ ಬಾಯಿ ಬಿಟ್ಟು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹಾಡು ಮುಗಿಸಿಕೊಂಡು ಬಂದ ದಿನ ಸ್ಪೀಕರನ್ನು ಹಲಗೆಯ ಮೇಲಿಟ್ಟು, "ಮುತ್ಯಾ, ಇದು..." ಎಂದು ಶುರುಮಾಡಿದಳು.

"ಯಾರದು ಅಂತ ಹೇಳಬ್ಯಾಡ," ಎಂದು ಅಪ್ಪ ಗೋಡೆಗೆ ತಿರುಗಿದ.

ಹಾಡು ನಡೆಯಿತು. ನನ್ನ ಚಹಾ ತಣ್ಣಗಾಯಿತು. ಕೊನೆಯಲ್ಲಿ ಮೂವರೂ ಒಟ್ಟಿಗೆ ಬಡಿದು ಒಮ್ಮೆಲೇ ನಿಲ್ಲಿಸಿದ್ದರು, ಕರೆಂಟು ಹೋದ ಹಾಗೆ. ಅದೇ ಅವರ ಹೆಮ್ಮೆಯ ಜಾಗ ಎಂಬುದು ಮಗಳ ಮುಖ ನೋಡಿದರೆ ತಿಳಿಯುತ್ತಿತ್ತು.

"ಎತ್ತ್ಯಾರ ಚಲೋ," ಎಂದ ಅಪ್ಪ. "ಒಗದಬಿಟ್ಟಾರ. ಅಳಿಯ."

ಮಗಳು ಸ್ಪೀಕರಿನ ವೈರು ಸುತ್ತಿದಳು. ಊಟಕ್ಕೆ ಬರಲಿಲ್ಲ. ಅವಳನ್ನು ಕರೆದು ಕರೆದು ನನ್ನ ಹೆಂಡತಿ ಸೋತಳು. ನಾನು ಅಪ್ಪನ ಬಳಿ ಹೋಗಿ ಕೂತೆ. ಜಗಳವಾಡುವಷ್ಟು ಶಕ್ತಿ ನನ್ನಲ್ಲಿರಲಿಲ್ಲ.

"ಅಪ್ಪಾ, ಅದು ಅಕೀದ ಹಾಡು. ಮುದುಕಿ ಅಂದಬಿಡು. ನಿನ್ನ ಗಂಟೇನ ಹೋಗತೈತಿ?"

"ಅಕೀದ ಅಂತ ನಂಗೂ ಗೊತ್ತು. ಕಿವಿ ಹೋಗ್ಯಾವ, ಬುದ್ಧಿ ಹೋಗಿಲ್ಲ."

"ಮತ್ತ?"

"ನೀ ಹರೇದಾಗ ಅಳಿಯನ್ನ ಎತ್ತಿ ಒಗದಾಗ ನಾ ಏನ ಹೇಳಿದ್ನಿ?"

"ಲೆಕ್ಕಕ್ಕಿಲ್ಲ ಅಂದಿದ್ದಿ."

"ನಿನಗೊಂದು ಅಕಿಗೊಂದು ಹೇಳಲ್ಯಾ?"

ದೀಪ ಆರಿಸಿ ಬಂದೆ.

ಮರುದಿನ ಬೆಳಿಗ್ಗೆ ಮಗಳು ಎದ್ದು ಬಂದಳು, ಅಪ್ಪನ ಒಂದು ಕಡೆ ನಿಂತಳು, ಎತ್ತಿದೆವು. ಅವಳು ಅವನೊಂದಿಗೆ ಮಾತಾಡಲಿಲ್ಲ, ಆದರೆ ಎತ್ತುವುದನ್ನು ತಪ್ಪಿಸಲಿಲ್ಲ. ನನ್ನ ಡ್ಯೂಟಿ ಬೇಗ ಇದ್ದ ದಿನ ಒಬ್ಬಳೇ ಎತ್ತಿದಳೆಂದು ಹೆಂಡತಿ ಹೇಳಿದಳು. ಒಮ್ಮೆ ಬಾಗಿಲಿನಲ್ಲಿ ನಿಂತು ನೋಡಿದೆ. ಅವನ ಕೈಯನ್ನು ತನ್ನ ಕೊರಳ ಸುತ್ತ ಹಾಕಿಕೊಂಡು, ಕುರ್ಚಿಯ ಮುಂದೆ ತಾನೇ ಮಂಡಿ ಬಗ್ಗಿಸುತ್ತ ಬಗ್ಗಿಸುತ್ತ ಕೆಳಗೆ ಬಂದಳು. ಅವನ ಮೈ ಕುರ್ಚಿಗೆ ತಾಗಿದ ಮೇಲೂ ಕೈ ಬಿಡಲಿಲ್ಲ. ಒಂದು ಉಸಿರು ತಡೆದು, ಆಮೇಲೆ ಬಿಟ್ಟಳು. ಅಪ್ಪ ಹಲ್ಲು ಕಚ್ಚಲಿಲ್ಲ.

ಅದರ ಮುಂದಿನ ರವಿವಾರ ಅವಳು ಮತ್ತೆ ಸವದತ್ತಿಗೆ ಹೊರಟಳು.

"ಹಾಡು ಮುಗದೈತಿ ಅಂದಿದ್ದಿ?" ಎಂದೆ.

"ಇಳಸೂದು ಉಳದೈತಿ ಪಪ್ಪಾ," ಎಂದು ಗಿಟಾರು ಬೆನ್ನಿಗೇರಿಸಿದಳು.

ಸಂಜೆ ಬಂದವಳು ಏನೂ ಹೇಳದೆ ಸ್ಪೀಕರನ್ನು ಹಲಗೆಯ ಮೇಲಿಟ್ಟಳು. ಅಪ್ಪ ಕುರ್ಚಿಯಲ್ಲಿದ್ದ. ಕುರ್ಚಿಯನ್ನು ಮಂಚಕ್ಕೆ ತಾಗಿಸಿ ಸರಿಸಿದೆವು. ಅವನೇ ಮುಖ ತಿರುಗಿಸಿ ಅಂಗೈ ಊರಿದ. ಹಾಡು ಅದೇ, ಕೊನೆ ಬೇರೆ. ಮೊದಲು ಡ್ರಮ್ಮು ಹಿಂದೆ ಸರಿಯಿತು. ಆಮೇಲೆ ಗಿಟಾರಿನ ಒಂದೇ ದಪ್ಪ ಸ್ವರ, ನಡು ಬಗ್ಗಿಸಿದವರ ಹಾಗೆ ನಿಧಾನಕ್ಕೆ, ಇನ್ನೂ ನಿಧಾನಕ್ಕೆ ಇಳಿಯಿತು. ನಿಂತಿತು ಅಂದುಕೊಂಡೆ, ನಿಂತಿರಲಿಲ್ಲ. ನನ್ನ ತಲೆಯೊಳಗಿನ ಎಂಜಿನ್ನೂ ಅದರ ಜೊತೆ ಇಳಿದು ಆರಿತು. ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಬಳೆ ಸಪ್ಪಳ ಕೇಳುವಷ್ಟು ಮನೆ ಸುಮ್ಮನಾಯಿತು.

ಅಪ್ಪ ಹಲಗೆಯಿಂದ ಕೈ ತೆಗೆಯಲು ಹೊತ್ತು ತೆಗೆದುಕೊಂಡ.

"ಬೀಗ," ಎಂದ.

ಮಗಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ನಕ್ಕಳೋ ಅತ್ತಳೋ, ಎರಡೂ ಇತ್ತು. "ಮುದುಕಿ ಅಲ್ಲನ ಮುತ್ಯಾ?" ಎಂದು ಕೂಗಿದಳು.

"ನಾನ ಎತ್ತಿಲ್ಲ ಯವ್ವಾ ಅದನ್ನ. ನಿನಗ ಈಗ ಕೊಟ್ಟರ ಮುಂದ ಏನ ಎತ್ತತೀ?"

ರಾಮದುರ್ಗದ ಹುಡುಗಿಗೆ ಆಗಲೇ ಫೋನು ಹೋಯಿತು. "ಬೀಗ ಅಂದ್ನಲೇ! ನಮ್ಮ ಮುತ್ಯಾ ಬೀಗ ಅಂದಾ!" ಅದೇನು ಮಾನವೆಂದು ಸೊಲ್ಲಾಪುರದ ಗಂಡನ ಮನೆಯವರಿಗೆ ಆ ಹುಡುಗಿ ಹೇಗೆ ತಿಳಿಸಿ ಹೇಳುವಳೋ, ನಾನು ಕಾಣೆ.

"ಕುಂತು ಸಾಕಾತು, ಮಲಗಸ್ರಿ," ಎಂದ ಅಪ್ಪ. ಆ ದಿನ ನಾನು ಎರಡು ಸಲ ರಾಮದುರ್ಗಕ್ಕೆ ಹೋಗಿ ಬಂದಿದ್ದೆ, ತೋಳು ನನ್ನವಾಗಿರಲಿಲ್ಲ. ಒಂದು ಕಡೆ ಮಗಳು, ಒಂದು ಕಡೆ ನಾನು, ಎತ್ತಿ ಮಂಚಕ್ಕೆ ತಂದೆವು. ಅವನು ಕಣ್ಣು ಮುಚ್ಚಿ, ಕೈ ಚಾಚಿ ಹಲಗೆಗೆ ಅಂಗೈ ಊರಿಕೊಂಡೇ ಕೆಳಗಿಳಿದ. ಮೈ ಹಾಸಿಗೆಗೆ ಹತ್ತಿದ ಮೇಲೆ ನನ್ನ ಕಡೆ ತಿರುಗಿದ.

"ಅಕಿ ಇಳಿಸಿದಳು," ಎಂದ. "ನೀ ಇನ್ನೂ ಒಗೀತಿ."