ಭಾವನ ಮೀನುಗಣ್ಣಿನ ಲೆನ್ಸು

ನಮ್ಮ ಭಾವ ಮೂವತ್ತು ವರ್ಷ ಪಾಸ್‌ಪೋರ್ಟ್ ಫೋಟೋ ತೆಗೆದವರು. ಕಿವಿ ಎರಡೂ ಕಾಣಬೇಕು, ಹಲ್ಲು ಕಾಣಬಾರದು. ಸ್ಟೂಲಿನ ಮೇಲೆ ಎಂಥ ದೊಡ್ಡ ಮನುಷ್ಯ ಬಂದು ಕೂತರೂ ಅವರು ಆಡುತ್ತಿದ್ದುದು ಇಷ್ಟೇ ಮಾತು. ಪಕ್ಕದಲ್ಲಿ ನನ್ನ ಜೆರಾಕ್ಸ್ ಅಂಗಡಿ, ನಡುವೆ ಒಂದು ಹಲಗೆಯ ಗೋಡೆ. ಅವರು ಗೊಣಗಿದ್ದೆಲ್ಲ ನನಗೆ ಕೇಳುತ್ತಿತ್ತು. ಅಕ್ಕನ ಗಂಡ ಎಂದು ಸಹಿಸಿಕೊಂಡಿದ್ದೆ.

ಒಂದು ದಿನ ಅವರು ತಮ್ಮದೇ ಟ್ರೈಪಾಡ್ ಎಡವಿ ಬಿದ್ದರು. ಮರುವಾರ ಬಾಗಿಲ ಚೌಕಟ್ಟಿಗೆ ಭುಜ ಬಡಿದುಕೊಂಡರು. ನಾನೇ ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ದೃಷ್ಟಿ ಅಂಚಿನಿಂದ ಒಳಕ್ಕೆ ಕುಗ್ಗುತ್ತಿದೆ, ಎಡಗಡೆ ಆಗಲೇ ಏನೂ ಉಳಿದಿಲ್ಲ, ಹೋದದ್ದು ಮತ್ತೆ ಬರುವುದಿಲ್ಲ, ಇರುವುದನ್ನು ಔಷಧಿಯಿಂದ ಸ್ವಲ್ಪ ಕಾಲ ತಡೆದು ನಿಲ್ಲಿಸಬಹುದು ಎಂದರು ಡಾಕ್ಟರು.

ಹೊರಗಿನ ಮೆಟ್ಟಿಲ ಮೇಲೆ ಭಾವ ನನ್ನ ಕೈ ಹಿಡಿದರು.

"ನಿಮ್ಮಕ್ಕನಿಗೆ ಹೇಳ್ಬೇಡ. ಗೊತ್ತಾದ್ರೆ ನನ್ನನ್ನ ಮನೇಲೇ ಕೂರಿಸ್ತಾಳೆ."

"ಹೇಳ್ದೆ ಎಷ್ಟು ದಿನ ಇರ್ತೀರಿ ಭಾವ?"

"ಇರೋಷ್ಟು ದಿನ."

ಬಾಯಿಗೆ ಬೀಗ ಹಾಕಿಕೊಂಡೆ. ಆ ತಪ್ಪಿಗೆ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ತಿಂಗಳೊಳಗೆ ಅವರು ಎಲ್ಲಿಂದಲೋ ಹಳೆಯ ಫಿಶ್‌ಐ ಲೆನ್ಸು ಹುಡುಕಿ ತಂದರು. ಅದರ ಗಾಜು ಮೀನಿನ ಕಣ್ಣಿನ ಹಾಗೆ ಉಬ್ಬಿಕೊಂಡಿರುತ್ತದೆ. ಎಡಗಿವಿಯಿಂದ ಬಲಗಿವಿಯವರೆಗೆ ಇರುವುದೆಲ್ಲ ಒಂದೇ ಫೋಟೋದಲ್ಲಿ ಬಂದುಬಿಡುತ್ತದೆ, ನೇರವಾದದ್ದೆಲ್ಲ ಬಾಗಿಕೊಂಡು. ಬೀದಿಯ ಫೋಟೋ ತೆಗೆಯುವ ಹೊಸ ಪ್ರಯೋಗ ಎಂದು ಅಕ್ಕನಿಗೆ ಹೇಳಿದರು. ನಿಜ ನನಗೆ ಗೊತ್ತಿತ್ತು. ಹತ್ತು ಹೆಜ್ಜೆ ನಡೆಯುವುದು, ಒಂದು ಫೋಟೋ ಹೊಡೆಯುವುದು, ತಮ್ಮ ಅಕ್ಕಪಕ್ಕ ಏನಿದೆಯೆಂದು ಕ್ಯಾಮೆರಾದ ಪುಟ್ಟ ಪರದೆಯಲ್ಲಿ ನೋಡಿಕೊಂಡು ಮತ್ತೆ ಹತ್ತು ಹೆಜ್ಜೆ ಇಡುವುದು.

ಶುರುವಿನ ಫೋಟೋಗಳಂತೂ ನಗೆಪಾಟಲು. ಪ್ರತಿಯೊಂದರಲ್ಲೂ ಅವರದೇ ಬೂಟಿನ ತುದಿ, ಅವರದೇ ಬೆರಳು, ಅವರದೇ ಮೊಣಕೈ. ಊರ ಜನರ ಕಿವಿ ಎಣಿಸಿದವರಿಗೆ ತಮ್ಮ ಕೈಕಾಲನ್ನು ಚೌಕಟ್ಟಿನಾಚೆ ಇಡಲು ಬರಲಿಲ್ಲ. ಬರಬರುತ್ತ ಅದೇ ಹುಚ್ಚಾಯಿತು. ಬಸ್‌ಸ್ಟಾಪಿನ ಕಂಬಗಳು ಬಿಲ್ಲಾದವು, ಮೂರಂತಸ್ತಿನ ಕಟ್ಟಡಗಳು ತಲೆ ತಲೆ ತಾಗಿಸಿಕೊಂಡು ನಿಂತವು. ದೂರದಿಂದ ತೆಗೆದರೆ ಜನ ಇರುವೆಗಳಾಗುತ್ತಾರೆಂದು ತೀರ ಹತ್ತಿರ ಹೋಗಿ, ಹಣ್ಣಿನ ಅಂಗಡಿಯವಳಿಂದ ಚೆನ್ನಾಗಿ ಬೈಸಿಕೊಂಡರು. ಆ ದಿನಗಳಲ್ಲಿ ಅವರು ಖುಷಿಯಾಗಿದ್ದರು.

ಮೊದಲ ದಿನದಿಂದಲೇ ಅಕ್ಕ ಜೊತೆಗೆ ಹೊರಟಳು. "ಒಬ್ಳೇ ಮನೇಲಿ ಕೂತು ಏನ್ಮಾಡ್ಲಿ? ನನಗೂ ಸ್ವಲ್ಪ ಕಾಲಾಡುತ್ತೆ" ಎಂದಳು. ಭಾವ ಗೊಣಗಿದರು. ಹೊಸದಾಗಿ ಮದುವೆಯಾದೋರ ಥರ ಅಂಟಿಕೊಂಡೇ ಓಡಾಡ್ತೀರಲ್ಲ ಎಂದು ನಾನು ರೇಗಿಸಿದೆ. ಅಕ್ಕ ನಕ್ಕಳು. ಹೀಗೆ ಎರಡು ವರ್ಷ ಕಳೆಯಿತು.

ಹೋದ ವರ್ಷ ಮೂರೇ ದಿನದ ಜ್ವರದಲ್ಲಿ ಅಕ್ಕ ತೀರಿಕೊಂಡಳು.

ಅದಾಗಿ ತಿಂಗಳಿಗೆ ಭಾವ ಗೋಡೆ ಹಿಡಿದುಕೊಂಡು ನನ್ನ ಅಂಗಡಿಗೆ ಬಂದರು. ಅವರಿಗೆ ಉಳಿದಿದ್ದುದು ಮಧ್ಯದಲ್ಲಿ ಒಂದು ಬಟ್ಟಲಿನಷ್ಟು ನೋಟ.

"ಇದೂ ಹೋಗೋದ್ರೊಳಗೆ ಅವಳ ಮುಖ ಒಂದ್ಸಲ ಸರಿಯಾಗಿ ನೋಡ್ಬೇಕು ಕಣೋ. ಊರೋರದ್ದೆಲ್ಲ ತೆಗೆದೆ, ಅವಳನ್ನ ಕೂರಿಸಿ ಒಂದು ತೆಗೀಲಿಲ್ಲ. ಬೀದಿ ಫೋಟೋಗಳಲ್ಲಿ ಇರ್ತಾಳೆ, ಹುಡುಕು."

ಮದುವೆಯ ಫೋಟೋಗಳಿದ್ದವು. ಆದರೆ ಅವುಗಳಲ್ಲಿದ್ದವಳು ಇಪ್ಪತ್ತರ ಹುಡುಗಿ. ಅವರಿಗೆ ಬೇಕಾಗಿದ್ದವಳು ಮೊನ್ನೆ ಮೊನ್ನೆಯವರೆಗೆ ಜೊತೆಗಿದ್ದವಳು.

ಕಂಪ್ಯೂಟರಿನಲ್ಲಿ ಒಂದೊಂದೇ ತೆರೆದೆ. ಕ್ಯಾಮೆರಾದಲ್ಲಿ ಉಗುರಿನಷ್ಟು ಕಾಣುತ್ತಿದ್ದ ಅಕ್ಕ ಇಲ್ಲಿ ದೊಡ್ಡದಾಗಿ ಕಂಡಳು. ಹೆಚ್ಚುಕಡಿಮೆ ಎಲ್ಲ ಫೋಟೋಗಳಲ್ಲೂ ಇದ್ದಳು, ಅಂಚಿನ ಜೊತೆ ಬಾಗಿಕೊಂಡು, ಯಾವಾಗಲೂ ಎಡಗಡೆ. ಅವಳ ಬಲಗೈ ಭಾವನ ಮೊಣಕೈಯಿಂದ ಒಂದು ಗೇಣು ದೂರದಲ್ಲಿ ಚಾಚಿಕೊಂಡಿತ್ತು. ಮುಟ್ಟುತ್ತಿರಲಿಲ್ಲ. ಬಿದ್ದರೆ ಹಿಡಿಯಲು ತಯಾರಾಗಿತ್ತು.

ನೋಡಿದ್ದನ್ನು ನೋಡಿದ ಹಾಗೆ ಹೇಳಿದೆ.

"ಎಡಗಡೇನಾ? ಎಲ್ಲದ್ರಲ್ಲೂ?"

"ಎಲ್ಲದ್ರಲ್ಲೂ. ಮೊದಲ್ನೇ ದಿನದಿಂದ."

ಭಾವ ತಮ್ಮ ಎಡ ಮೊಣಕೈ ಮುಟ್ಟಿ ನೋಡಿಕೊಂಡರು. "ನನಗೊಂದು ಮಾತು ಹೇಳ್ಬಾರದಿತ್ತಾ ಅವಳು" ಎಂದರು. ನಾವು ಅವಳಿಂದ ಕಾಯಿಲೆ ಮುಚ್ಚಿಟ್ಟೆವು, ಅವಳು ತನಗೆ ಗೊತ್ತಿದೆ ಎಂಬುದನ್ನು ಮುಚ್ಚಿಟ್ಟಳು. ಹೆದರಿಕೆಯನ್ನು ಹಂಚಿಕೊಳ್ಳಲು ಅವಳಿಗೆ ಯಾರೂ ಇರಲಿಲ್ಲ.

"ಮುಖ ತೋರಿಸು" ಎಂದರು ಭಾವ.

ಸಂಜೆಯವರೆಗೆ ಹುಡುಕಿದೆ. ಎರಡು ಸಾವಿರಕ್ಕೂ ಮೇಲೆ ಫೋಟೋಗಳು, ಒಂದರಲ್ಲೂ ಅಕ್ಕನ ಮುಖವಿರಲಿಲ್ಲ. ಕಾಣುತ್ತಿದ್ದುದು ಬಗ್ಗಿದ ತಲೆ, ನರೆತ ಬೈತಲೆ. ಎರಡು ವರ್ಷ ಅವಳು ನೋಡುತ್ತ ನಡೆದದ್ದು ಅವರ ಕಾಲ ಮುಂದಿನ ನೆಲವನ್ನು.

ಭಾವ ಮೂಗು ತಾಗುವಷ್ಟು ಹತ್ತಿರ ಬಂದು ಪರದೆಯ ಎಡ ಅಂಚಿಗೆ ಬೆರಳಿಟ್ಟರು.

"ಒಂದ್ಸಲ ತಲೆ ಎತ್ತೇ. ನಾನು ಬಿದ್ರೆ ಬೀಳ್ತೀನಿ."