ಅವ್ವನ ‘ಚಾಲು’

ತೆಲುಗಿನಲ್ಲಿ ‘ಚಾಲು’ ಎಂದರೆ ಸಾಕು. ನಮ್ಮ ವಿಜಯಪುರ ಕಡೆ ‘ಚಾಲೂ’ ಎಂದರೆ ನಿಲ್ಲಿಸಬೇಡ, ನಡೀಲಿ. ಈ ಎರಡರ ನಡುವೆ ಸಿಕ್ಕಿ, ನಾವು ಬಂದು ನೆಲೆಸಿದ್ದ ತೆಲುಗು ಸೀಮೆಯ ಕೊಂಡಾಪುರದಲ್ಲಿ ಎಷ್ಟು ಸಾಫ್ಟ್‌ವೇರ್ ಹೊಟ್ಟೆಗಳು ನರಳಿದವೋ!

ಗಾಜಿನ ಕಟ್ಟಡಗಳು ಒಂದೊಂದಾಗಿ ಏಳುತ್ತಿದ್ದ ಕಾಲ. ನಮ್ಮ ಎರಡು ಕೋಣೆಯ ಮನೆಯಲ್ಲಿ ಅವ್ವ ಹತ್ತು ಹನ್ನೆರಡು ಆಫೀಸಿನ ಹುಡುಗರಿಗೆ ಮಧ್ಯಾಹ್ನ ಜೋಳದ ರೊಟ್ಟಿ ಹಾಕುತ್ತಿದ್ದಳು. ಅವರು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು “ಚಾಲು ಅಮ್ಮಾ, ಚಾಲು!” ಎಂದಷ್ಟೂ ಅವ್ವ ಕೈ ಸರಿಸಿ ಇನ್ನೊಂದು ಹಾಕುತ್ತಿದ್ದಳು. “ಭಾಳ ಹಸದಾವು, ಚಾಲೂ ಇರ್ಲಿ ಅನ್ನಾಕತ್ತಾವು,” ಎಂದು ನನಗೆ ಹೇಳುತ್ತಿದ್ದಳು. ಕಾಲೇಜಿನಲ್ಲಿ ತೆಲುಗು ಕಲಿತಿದ್ದ ನಾನು ಅರ್ಥ ಹೇಳಲಿಲ್ಲ. ಇಂಥ ತಮಾಷೆ ಪುಕ್ಕಟೆ ಬೇರೆಲ್ಲಿ ಸಿಗುತ್ತದೆ? ಅವರು ಬೆಲ್ಟು ಸಡಿಲಿಸಿ ಏದುಸಿರು ಬಿಡುವುದನ್ನು ಸಂಜೆ ನಾನು ಮಾಡಿ ತೋರಿಸಿದರೆ ಅವ್ವ ನಕ್ಕು ನಕ್ಕು, “ಏ ಮಂಗ್ಯಾ, ಸಾಕ್ ಮಾಡೋ!” ಎನ್ನುತ್ತಿದ್ದಳು.

ರೊಟ್ಟಿಯ ಸುದ್ದಿ ಒಂದು ಆಫೀಸಿಗೆ ಮುಟ್ಟಿತು. ಅಲ್ಲಿನ ಮ್ಯಾನೇಜರ್ ಧಾರವಾಡ ಕಡೆಯವರು. ಅವ್ವ ಬಟ್ಟೆ ಒಗೆಯುತ್ತಿದ್ದಾಗ ಅವರ ಫೋನು ಬಂತು. ಕೇಳಿದರೆ ಒಲ್ಲೆ ಎನ್ನುತ್ತಾಳೆಂದು ನನಗೆ ಗೊತ್ತು. ಹೀಗಾಗಿ ಅವಳ ದನಿ ತೆಗೆದು ನಾನೇ ಅವ್ವನಾದೆ.

“ದಿನಾ ನಲವತ್ತು ಊಟ ಆಗ್ತಾವೇನ್ರಿ ಅಕ್ಕಾರ?”

“ಯಾಕಾಗಂಗಿಲ್ರಿ ತಮ್ಮಾ, ಐವತ್ತು ಅನ್ರಲ್ಲ!”

ಆ ಹೆಚ್ಚಿನ ಹತ್ತು ನನ್ನ ಕೊಡುಗೆ. ಮೂರು ಇಂಟರ್‌ವ್ಯೂಗಳಲ್ಲಿ ಸೋತಿದ್ದ ನಾನು ಮನೆ ಮುಂದೆ ಖಾನಾವಳಿಯ ಬೋರ್ಡು ಹಾಕಿ ಮಾಲೀಕನಾಗುವ ಕನಸಿನಲ್ಲಿದ್ದೆ. ತಟ್ಟುವ ಕೈ ಮಾತ್ರ ಅವ್ವನದು.

ವಿಷಯ ತಿಳಿದು ಅವ್ವ ಬೈದಳು. ಆಮೇಲೆ, “ನನ್ನ ದನೀಲೆ ಹೇಳೀಯಲ್ಲ, ನಾನ ಹೇಳಿದಂಗಾತು,” ಎಂದು ಹಿಟ್ಟು ನಾದಲು ಕೂತಳು.

ಎರಡು ವಾರ ನಡೆಯಿತು. ಫೋನಿನಲ್ಲೆಲ್ಲ ನಾನೇ ಅವ್ವ, ಡಬ್ಬಿ ಒಯ್ಯುವಾಗ ಮಗ. ಅವಳ ಬಲಗೈ ಮಣಿಕಟ್ಟು ಊದಿತು. ಅರಿವೆ ಸುತ್ತಿಕೊಂಡು ತಟ್ಟಿದಳು. ಮನೆಗೆ ಬರುವ ಹುಡುಗರಿಗೆ ಲೆಕ್ಕದ ಎರಡು ರೊಟ್ಟಿ. ಒಂದು ದಿನ ಅವರಲ್ಲೊಬ್ಬ ಖಾಲಿ ತಟ್ಟೆಯ ಮೇಲೆ ಅಭ್ಯಾಸಬಲದಿಂದ ಕೈ ಅಡ್ಡ ಹಿಡಿದು ಕಾದ. ಅವ್ವ ಬರಲಿಲ್ಲ. “ಅಮ್ಮನಿಗೆ ನನ್ನ ಮೇಲೆ ಸಿಟ್ಟೇ?” ಎಂದು ತೆಲುಗಿನಲ್ಲಿ ಕೇಳಿ ಕೈ ತೊಳೆದ.

ಅಂದು ಸಂಜೆ ಅವನು ಕೈ ಅಡ್ಡ ಹಿಡಿದು ಕಾದದ್ದನ್ನು ಮಾಡಿ ತೋರಿಸಿದೆ. ಅವ್ವ ನಗಲಿಲ್ಲ. “ಚಾಲು,” ಎಂದಳು.

“ಯಾವ ಚಾಲು ಬೇ? ನಮ್ಮದೋ, ಅವರದೋ?”

“ಅವರದ.”

“ನಿನಗ ಅರ್ಥ ಗೊತ್ತಿತ್ತಾ?”

“ಕೈ ಅಡ್ಡ ಹಿಡದ್ರ ಯಾವ ಭಾಷಾದಾಗರ ತಿಳೀತೈತೋ ಶಾಣ್ಯಾ. ಇನ್ನೊಂದು ತಿನ್ಲಿ ಅನಸ್ತಿತ್ತು, ಹಾಕ್ತಿದ್ದೆ.”

ಇನ್ನೊಂದು, ಇನ್ನೊಂದು ಎಂಬ ಚಟ ನನಗೆ ಬಂದದ್ದೇ ಅವಳಿಂದ ಇರಬೇಕು. ಅವಳದು ಎದುರಿನ ತಟ್ಟೆ ನೋಡಿ ಏಳುತ್ತಿತ್ತು. ನನ್ನದು ಅವಳ ಕೈಯನ್ನೂ ನೋಡಿರಲಿಲ್ಲ.

ಮರುದಿನ ಅವ್ವನೇ ಮ್ಯಾನೇಜರಿಗೆ ಫೋನು ಮಾಡಿ, “ಇನ್ನ ಆಗಂಗಿಲ್ರಿ,” ಎಂದಳು. ಅವರು ನಂಬಲಿಲ್ಲ. “ಯಾರವ್ವಾ ನೀವು? ಅಕ್ಕಾರ ದನಿ ನನಗ ಗೊತ್ತಿಲ್ಲೇನು? ಅವರಿಗೆ ಕೊಡ್ರಿ!”

ಅವ್ವ ಫೋನನ್ನು ನನ್ನ ಕೈಗಿಟ್ಟು, “ತಗೋ ಅಕ್ಕಾರ, ಮಾತಾಡು,” ಎಂದಳು.

“ಸಾಕ್ರಿ ತಮ್ಮಾ,” ಎಂದೆ ಅವಳ ದನಿಯಲ್ಲಿ, “ಕೈ ಭಾಳ ನೋಯಾಕತ್ತೈತಿ.” ಅಷ್ಟು ದಿನದಲ್ಲಿ ಅವಳು ಒಮ್ಮೆಯೂ ಹೇಳದಿದ್ದ ಮಾತು ಅದು. ಪಕ್ಕದಲ್ಲಿ ನಿಂತು ಕೇಳುತ್ತಿದ್ದ ಅವ್ವ, ಅರಿವೆ ಸುತ್ತಿದ ಆ ಕೈಯಿಂದಲೇ ನನ್ನ ತಲೆಗೆ ಮೆಲ್ಲಗೆ ಮೊಟಕಿದಳು.